ಕಾವ್ಯದ ಹೊಸ್ತಿಲು: ಸೂಚನೆಯ ಇತಿಹಾಸ

ಕಥೆಯನ್ನು ಹೇಳುವುದು ಒಂದು ವಿದ್ಯೆ; ಕಥೆಗೆ ಕರೆಯುವುದು ಇನ್ನೊಂದು ವಿದ್ಯೆ. ಹೇಳುವವನ ಮುಂದೆ ಕೇಳುಗರು ಆಗಲೇ ಬಂದು ಕುಳಿತಿರುತ್ತಾರೆ. ಕರೆಯುವವನ ಮುಂದಾದರೋ ಇನ್ನೂ ಯಾರೂ ಕುಳಿತಿರುವುದಿಲ್ಲ. ಎರಡು ಮೂರು ಮಾತುಗಳಲ್ಲಿ ಕಥೆಯ ತಿರುಳನ್ನು ತೋರಿಸಿ, ಎದ್ದು ಹೋಗಲಿದ್ದವನನ್ನು ಕುಳ್ಳಿರಿಸುವುದು ಅವನ ಹೊಣೆ. ಅದರಲ್ಲಿಯೂ ಆ ಕಥೆಯು ಹೊಸದಾಗಿರದೆ, ಬಾಲಕರಿಗೂ ತಿಳಿದಿರುವ ಹಳೆಯ ಕಥೆಯೊಂದನ್ನು ಅದಕ್ಕೆ ಮನಸೋತ ಕವಿಯೊಬ್ಬನು ಮತ್ತೆ ತನ್ನ ಬಗೆಯಲ್ಲಿ ಹೆಣೆದುದಾಗಿದ್ದರೆ, ಈ ಹೊಣೆಯು ಇಮ್ಮಡಿಯಾಗುವುದು. ಮುಂದೇನಾಯಿತೆಂಬ ಕುತೂಹಲವನ್ನು ಅಲ್ಲಿ ನೆಚ್ಚುವಂತಿಲ್ಲ. ಮುಂದೇನಾಯಿತೆಂಬುದು ಎಲ್ಲರಿಗೂ ಗೊತ್ತು. ಹಾಗಿದ್ದಮೇಲೆ ಕೇಳುಗನು ಏತಕ್ಕೆ ಕುಳಿತುಕೊಳ್ಳಬೇಕು?

ಈ ಪ್ರಶ್ನೆಗೆ ಕನ್ನಡ ಕವಿಗಳು ಕಂಡುಕೊಂಡ ಉತ್ತರಕ್ಕೆ ‘ಸೂಚನೆ’ ಎಂದು ಹೆಸರು. ಷಟ್ಪದಿಯ ದೊಡ್ಡ ಕಾವ್ಯಗಳಲ್ಲಿ ಸಂಧಿಯ ಮೊದಲಿಗೆ ನಿಂತು, ಆ ಸಂಧಿಯ ಕಥೆಯನ್ನು ಮುಂದಾಗಿಯೇ ತಿಳಿಸುವ ಅರ್ಧ ಪದ್ಯವೇ ಸೂಚನೆ. ಓದುವವರು ಅದನ್ನು ಸಾಮಾನ್ಯವಾಗಿ ದಾಟಿ ಹೋಗುವರು. ವಿಮರ್ಶಕರು ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೂ ಕಥೆಯ ಸಂಗ್ರಹವನ್ನು ಆಕರ್ಷಕವಾಗಿ ಬರೆಯುವ ಕಲೆಯು ಕನ್ನಡದಲ್ಲಿ ಹೇಗೆ ಬೆಳೆಯಿತು, ಹೇಗೆ ಕ್ಷೀಣಿಸಿತು ಎಂಬುದನ್ನು ಅರಿಯಬೇಕಾದರೆ ಈ ಅರ್ಧ ಪದ್ಯದಿಂದಲೇ ಹೊರಡಬೇಕು.

ಕನ್ನಡ ಸಾಹಿತ್ಯದ ಬಹುಭಾಗವು ಪುನಃಕಥನವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಪಂಪನು 941ರಲ್ಲಿ ವ್ಯಾಸರ ಭಾರತವನ್ನು ಎತ್ತಿಕೊಂಡು, ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ರನ್ನನು ಅದೇ ಭಾರತದ ಕಟ್ಟಕಡೆಯ ಕಾಳಗವೊಂದನ್ನು ಆರಿಸಿಕೊಂಡನು. ನಾಗಚಂದ್ರನು ಜೈನ ಸಂಪ್ರದಾಯವನ್ನು ಅನುಸರಿಸಿ ರಾವಣನನ್ನು ಒಂದೇ ಒಂದು ದೋಷದಿಂದ ಕೆಟ್ಟುಹೋದ ಮಹಾಪುರುಷನನ್ನಾಗಿ ಚಿತ್ರಿಸಿದನು. ಕುಮಾರವ್ಯಾಸನ ಕಾಲಕ್ಕೆ ರಾಮಾಯಣಗಳ ಸಂಖ್ಯೆಯು ಎಷ್ಟಾಗಿದ್ದಿತೆಂದರೆ, ಅವುಗಳ ಕವಿಗಳ ಭಾರವನ್ನು ತಾಳಲಾರದೆ ಆದಿಶೇಷನು ಬಳಲಿದನೆಂದು ಆತನು ವಿನೋದವಾಗಿ ಹೇಳಿ, ತಾನು ಭಾರತಕ್ಕೆ ಕೈಯಿಟ್ಟನು. ಮೆಚ್ಚಿದ ಕಥೆಯನ್ನು ಮತ್ತೆ ಬರೆಯುವುದು, ಪ್ರಿಯವಾದ ಪಾತ್ರಕ್ಕೆ ಹೊಸ ಬಾಳನ್ನು ಕೊಡುವುದು, ಮೂಲದಲ್ಲಿ ಮೂಕವಾಗಿರುವವರ ಬಾಯಲ್ಲಿ ಮಾತನ್ನಿಡುವುದು, ಇವು ಇಂದಿನ ತರುಣ ಬರೆಹಗಾರರು ಕಂಡುಹಿಡಿದ ಹವ್ಯಾಸಗಳಲ್ಲ. ಸಾವಿರ ವರ್ಷಗಳಿಂದ ನಡೆದುಬಂದ ಕವಿಮಾರ್ಗ.

ಸೂಚನೆಯ ಬೇರುಗಳು ಸಂಸ್ಕೃತದಲ್ಲಿವೆ. ಕಾವ್ಯದ ಮುಖವು ಆಶೀರ್ವಾದವಾಗಿರಬೇಕು, ಇಲ್ಲವೆ ನಮಸ್ಕಾರವಾಗಿರಬೇಕು, ಇಲ್ಲವೆ ವಸ್ತುನಿರ್ದೇಶವಾಗಿರಬೇಕು ಎಂದು ದಂಡಿಯು ‘ಕಾವ್ಯಾದರ್ಶ’ದಲ್ಲಿ ವಿಧಿಸಿದನು. ವಸ್ತುನಿರ್ದೇಶವೆಂದರೆ ಕಥೆಯ ವಿಷಯವನ್ನು ಬೆರಳೆತ್ತಿ ತೋರಿಸುವುದು. ನಾಟಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಭರತಮುನಿಯು ಭಾರತೀ ವೃತ್ತಿಗೆ ಹೇಳಿದ ನಾಲ್ಕು ಅಂಗಗಳಲ್ಲಿ ಮೊದಲನೆಯದು ಪ್ರರೋಚನೆ. ರುಚಿ ಹುಟ್ಟಿಸುವುದೆಂಬುದೇ ಆ ಶಬ್ದದ ಅರ್ಥ. ಬೇರೆ ಬೇರೆ ಕಡೆಗೆ ನೋಡುತ್ತಿರುವ ಸಭಿಕರ ಮುಖವನ್ನು ರಂಗದ ಕಡೆಗೆ ತಿರುಗಿಸುವುದು ಅದರ ಪ್ರಯೋಜನ. ಶ್ರೀಹರ್ಷನ ‘ರತ್ನಾವಳಿ’ಯ ಸೂತ್ರಧಾರನು ಕವಿಯ ನೈಪುಣ್ಯವನ್ನೂ, ಸಭೆಯ ಗುಣಗ್ರಾಹಕತೆಯನ್ನೂ, ವತ್ಸರಾಜನ ಚರಿತ್ರೆಗೆ ಲೋಕದಲ್ಲಿರುವ ಆದರವನ್ನೂ, ನಟರ ಕೌಶಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ವತ್ಸರಾಜನ ಕಥೆಯು ಎಲ್ಲರಿಗೂ ಗೊತ್ತಿರುವುದೆಂಬುದನ್ನು ಅವನು ಕೊರತೆಯೆಂದು ಮುಚ್ಚಿಡುವುದಿಲ್ಲ. ಅದನ್ನೇ ಹಿರಿಮೆಯೆಂದು ಸಾರುತ್ತಾನೆ.

ಮಹಾಕಾವ್ಯಗಳೆರಡೂ ಇದೇ ಧೈರ್ಯವನ್ನು ತೋರಿಸಿವೆ. ವಾಲ್ಮೀಕಿರಾಮಾಯಣದ ಬಾಲಕಾಂಡದ ಮೊದಲನೆಯ ಸರ್ಗದಲ್ಲಿ ನಾರದರು ನೂರು ಶ್ಲೋಕಗಳಲ್ಲಿ ರಾಮನ ಕಥೆಯನ್ನೆಲ್ಲಾ ಹೇಳಿಬಿಡುತ್ತಾರೆ. ಸಂಕ್ಷೇಪರಾಮಾಯಣವೆಂದು ಮನೆಮನೆಗಳಲ್ಲಿ ಪಾರಾಯಣವಾಗುವುದು ಇದೇ. ಕಥೆಯು ಹೀಗೆ ಬಯಲಾದಮೇಲೂ ಇನ್ನು ಆರು ಕಾಂಡಗಳು ಉಳಿದಿರುತ್ತವೆ. ಕೇಳುಗನು ಎದ್ದು ಹೋಗುವುದಿಲ್ಲ. ಎರಡನೆಯ ಸರ್ಗದಲ್ಲಿ ಬೇಡನ ಬಾಣಕ್ಕೆ ಕ್ರೌಂಚಪಕ್ಷಿಯು ಬೀಳುತ್ತದೆ. ಮುನಿಯ ಶೋಕವು ಶ್ಲೋಕವಾಗುತ್ತದೆ. ಸಂಗ್ರಹವನ್ನು ವಾಲ್ಮೀಕಿಯು ಮೊದಲೇ ಕೇಳಿದ್ದನು. ಆದರೆ ಸಂಗ್ರಹವು ಆತನನ್ನು ಕವಿಯನ್ನಾಗಿ ಮಾಡಲಿಲ್ಲ, ಶೋಕವು ಮಾಡಿತು. ಕಥೆಯು ತಿಳಿದಿರುವುದು ಬೇರೆ, ಕಥೆಯನ್ನು ಅನುಭವಿಸುವುದು ಬೇರೆ ಎಂಬ ತತ್ತ್ವವನ್ನು ಆದಿಕಾವ್ಯವು ತನ್ನ ಬಾಗಿಲಿನಲ್ಲಿಯೇ ಬರೆದಿಟ್ಟಿದೆ.

ಮಹಾಭಾರತದ ಆದಿಪರ್ವದ ಮೊದಲ ಅಧ್ಯಾಯದಲ್ಲಿ ಇದಕ್ಕಿಂತಲೂ ಚಮತ್ಕಾರವಾದ ಸಂಗ್ರಹವಿದೆ. ಅಲ್ಲಿ ಕಥೆಯನ್ನು ಸಂಕ್ಷೇಪಿಸುವವನು ಕುರುಡನಾದ ಧೃತರಾಷ್ಟ್ರನು. ಯುದ್ಧವು ಮುಗಿದಿದೆ; ಮಕ್ಕಳು ಮಡಿದಿದ್ದಾರೆ. ದ್ರೌಪದಿಯ ಸ್ವಯಂವರದ ಸುದ್ದಿಯನ್ನು ಕೇಳಿದಂದು, ಖಾಂಡವದಹನದ ಸುದ್ದಿಯನ್ನು ಕೇಳಿದಂದು, ಭೀಷ್ಮನು ಬಿದ್ದ ಸುದ್ದಿಯನ್ನು ಕೇಳಿದಂದು ತನಗೆ ಗೆಲುವಿನ ಆಸೆಯು ಹೇಗೆ ಹೇಗೆ ಉಡುಗುತ್ತ ಬಂದಿತೆಂಬುದನ್ನು ಆತನು ಸಂಜಯನೊಡನೆ ತೋಡಿಕೊಳ್ಳುತ್ತಾನೆ. ಐವತ್ತಕ್ಕೂ ಹೆಚ್ಚಿನ ಶ್ಲೋಕಗಳು ಒಂದೇ ಪಲ್ಲವಿಯಲ್ಲಿ ಮುಗಿಯುತ್ತವೆ. ಘಟನೆಗಳು ಎಲ್ಲರೂ ಬಲ್ಲವೇ. ಆದರೆ ಅವು ಸೋತವರ ತಂದೆಯ ಕಿವಿಯ ಮೂಲಕ ಬರುತ್ತವೆ. ಕಥೆಯು ಹಳೆಯದು, ಕಿವಿಯು ಹೊಸದು. ಹಿಡಿದಿಡುವ ಸಂಗ್ರಹದ ಗುಟ್ಟೆಲ್ಲಾ ಇದರಲ್ಲಿ ಅಡಗಿದೆ.

ಕನ್ನಡದ ರನ್ನನು ಈ ಗುಟ್ಟನ್ನು ಚೆನ್ನಾಗಿ ಬಲ್ಲವನಾಗಿದ್ದನು. ಆತನ ‘ಗದಾಯುದ್ಧ’ದ ಹೂರಣವು ಭೀಮದುರ್ಯೋಧನರ ಒಂದು ದಿನದ ಹೋರಾಟವಷ್ಟೇ. ಆದರೆ ಸಿಂಹವು ಮುನ್ನಡೆಯುತ್ತ ನಡುನಡುವೆ ಹಿಂದಿರುಗಿ ನೋಡುವಂತೆ, ಕವಿಯು ಆ ಒಂದು ದಿನದಲ್ಲಿ ನಿಂತುಕೊಂಡು ಭಾರತದ ಹಿಂದಿನ ಕಥೆಯನ್ನೆಲ್ಲಾ ಅವಲೋಕಿಸುತ್ತಾನೆ. ಸಂಗ್ರಹವನ್ನು ಕಾವ್ಯದ ಬಾಗಿಲಿನಿಂದ ಒಳಮನೆಗೆ ತಂದ ಕೀರ್ತಿಯು ರನ್ನನದು. ಆದರೆ ಚಂಪೂಕಾವ್ಯಗಳು ಪಂಡಿತರ ಗೋಷ್ಠಿಗೆ ಬರೆದವುಗಳು. ಬೀದಿಯವರೂ, ಹೆಂಗಸರೂ, ಮಕ್ಕಳೂ ಕುಳಿತು ಕೇಳತಕ್ಕ ಷಟ್ಪದಿಯು ಹೆಚ್ಚಾಗಿ ಬಳಕೆಗೆ ಬಂದಮೇಲೆ, ಕರೆಯುವ ವಿದ್ಯೆಯು ಹೊಸ ರೂಪವನ್ನು ತಾಳಬೇಕಾಯಿತು.

ಷಟ್ಪದಿಯ ಕಾವ್ಯವು ಒಬ್ಬನು ಮೂಲೆಯಲ್ಲಿ ಕುಳಿತು ಓದತಕ್ಕುದಲ್ಲ. ಗಮಕಿಯು ರಾಗವಾಗಿ ವಾಚಿಸುತ್ತಾನೆ, ವ್ಯಾಖ್ಯಾನಕಾರನು ಅರ್ಥ ಹೇಳುತ್ತಾನೆ, ಸಭೆಯು ತಲೆದೂಗುತ್ತದೆ. ಒಂದು ರಾತ್ರಿಗೆ ಒಂದು ಸಂಧಿಯಾದರೆ, ನಿನ್ನೆ ಬಂದವನು ಇಂದು ಬರದಿರಬಹುದು. ಇಂದು ಹೊಸಬನು ಬಂದಿರಬಹುದು. ಇವರೆಲ್ಲರನ್ನೂ ಒಂದೇ ಜಾಗದಲ್ಲಿ ನಿಲ್ಲಿಸಬೇಕಾದರೆ, ಇಂದಿನ ಕಥೆಯು ಯಾವುದೆಂಬುದನ್ನು ಹೇಳಿಕೊಂಡೇ ಹೊರಡಬೇಕು. ತಾಳೆಗರಿಯ ಹೊತ್ತಗೆಯಲ್ಲಿ ಇಂದಿನ ಮುದ್ರಿತ ಪುಸ್ತಕದಂತೆ ವಿಷಯಾನುಕ್ರಮಣಿಕೆಯಾಗಲಿ, ಪುಟದ ನೆತ್ತಿಯ ಮೇಲೆ ತಲೆಬರೆಹವಾಗಲಿ ಇರುತ್ತಿರಲಿಲ್ಲ. ಗರಿಗಳನ್ನು ಮಗುಚುತ್ತ ಬೇಕಾದ ಸಂಧಿಯನ್ನು ಹುಡುಕುವವನಿಗೂ ಸೂಚನೆಯೇ ಕೈಮರವಾಗಿದ್ದಿತು. ಹೀಗೆ ಅದು ಕೇಳುವವರಿಗೆ ಕರೆಯಾಯಿತು, ಓದುವವನಿಗೆ ಗುರುತಾಯಿತು.

ಅದರ ಅಳತೆಯು ಬಹಳ ಬಿಗಿಯಾದುದು. ಭಾಮಿನೀ ಷಟ್ಪದಿಯ ಅರ್ಧದಲ್ಲಿ ಹದಿನಾಲ್ಕು ಮಾತ್ರೆಗಳ ಎರಡು ಸಾಲುಗಳೂ ಇಪ್ಪತ್ತಮೂರು ಮಾತ್ರೆಗಳ ಒಂದು ಸಾಲೂ ಸೇರಿ ಒಟ್ಟು 51 ಮಾತ್ರೆಗಳಾಗುವುವು. ವಾರ್ಧಕದಲ್ಲಿ ಇಪ್ಪತ್ತು, ಇಪ್ಪತ್ತು, ಮೂವತ್ತೆರಡು ಸೇರಿ 72 ಮಾತ್ರೆಗಳು. ಎಂಬತ್ತೋ ನೂರೋ ಪದ್ಯಗಳುಳ್ಳ ಸಂಧಿಯೊಂದನ್ನು ಇಷ್ಟರೊಳಗೆ ಹಿಡಿಯಬೇಕು. ಯಾರು, ಎಲ್ಲಿ, ಏನು ಮಾಡಿದರು ಎಂಬುದಕ್ಕೆ ಮಾತ್ರ ಅಲ್ಲಿ ಸ್ಥಳವುಂಟು. ವರ್ಣನೆಗೆ ಇಲ್ಲ, ಹೊಗಳಿಕೆಗೂ ಇಲ್ಲ. ಆದುದರಿಂದ ಸೂಚನೆ ಬರೆಯುವ ಕವಿಯ ನಿಜವಾದ ಕೆಲಸವು ಹೇಳುವುದಲ್ಲ, ಬಿಡುವುದು. ಯಾವುದನ್ನು ಬಿಟ್ಟನು, ಯಾವುದೊಂದನ್ನು ಉಳಿಸಿಕೊಂಡನು ಎಂಬುದರಿಂದಲೇ ಆತನ ಕಣ್ಣು ಎಲ್ಲಿ ನೆಟ್ಟಿದೆಯೆಂಬುದು ಗೊತ್ತಾಗುವುದು.

ಗದುಗಿನ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯು 10 ಪರ್ವಗಳ, 150ಕ್ಕೆ ಮಿಕ್ಕ ಸಂಧಿಗಳ, 8,000ಕ್ಕೆ ಮಿಕ್ಕ ಪದ್ಯಗಳ ಗ್ರಂಥ. ಅದರ ವಿರಾಟಪರ್ವದ ಮೊದಲ ಸಂಧಿಯನ್ನು ನೋಡಬಹುದು. ಈ ಸಂಧಿಯಲ್ಲಿ ನಡೆಯುವ ಸಂಗತಿಗಳು ಅನೇಕ. ಪಾಂಡವರು ಅಜ್ಞಾತವಾಸದ ಆಲೋಚನೆ ಮಾಡುತ್ತಾರೆ. ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸುತ್ತಾರೆ. ಐವರೂ ಬೇರೆ ಬೇರೆ ವೇಷಗಳಲ್ಲಿ ವಿರಾಟನ ಅರಮನೆಯನ್ನು ಸೇರುತ್ತಾರೆ. ಭೀಮನು ಅಡಿಗೆಯವನಾಗುವುದು, ಅರ್ಜುನನು ನಾಟ್ಯ ಕಲಿಸುವ ಬೃಹನ್ನಳೆಯಾಗುವುದು, ಯಾವ ಸಭೆಯನ್ನಾದರೂ ನಗಿಸಬಲ್ಲ, ಅಳಿಸಬಲ್ಲ ಸಾಮಗ್ರಿಗಳು. ಸೂಚನೆಯು ಇವೆಲ್ಲವನ್ನೂ ಬಿಟ್ಟಿದೆ. ಧರ್ಮರಾಯನು ತಮ್ಮಂದಿರೊಡನೆ ಮತ್ಸ್ಯನಗರಕ್ಕೆ ಬಂದನೆಂದು ತಿಳಿಸಿ, ಕಡೆಯ ಸಾಲಿನಲ್ಲಿ, ಹೆಸರನ್ನು ಕೂಡ ಹೇಳದೆ, ವನಿತೆಯೊಬ್ಬಳು ಸುದೇಷ್ಣೆಯ ಮುಡಿ ಕಟ್ಟುವ ಕೆಲಸಕ್ಕೆ ನಡೆದಳೆಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಈ ಒಂದು ಮಾತಿನ ಭಾರವನ್ನು ಅಳೆಯಬಲ್ಲವನು ಹಿಂದಿನ ಕಥೆಯನ್ನು ಬಲ್ಲ ಕೇಳುಗನೇ. ತುಂಬಿದ ಸಭೆಗೆ ಮುಡಿ ಹಿಡಿದು ಎಳೆತಂದಂದಿನಿಂದ, ಸೇಡು ತೀರುವ ತನಕ ಮುಡಿ ಕಟ್ಟೆನೆಂದು ಪ್ರತಿಜ್ಞೆ ಮಾಡಿದವಳು ದ್ರೌಪದಿ. ಬಿಚ್ಚಿದ ಮುಡಿಯ ಮಹಾರಾಣಿಯು ಈಗ ಮತ್ತೊಬ್ಬ ರಾಣಿಯ ಮುಡಿಯನ್ನು ಕಟ್ಟಲು ಊಳಿಗಕ್ಕೆ ಹೋಗುತ್ತಾಳೆ. ಕವಿಯು ‘ಅಯ್ಯೋ’ ಎನ್ನಲಿಲ್ಲ, ‘ಕರುಣಾಜನಕ’ವೆನ್ನಲಿಲ್ಲ. ಐವರು ವೀರರ ಅವಸ್ಥೆಯನ್ನು ಬದಿಗಿಟ್ಟು ಇದೊಂದನ್ನು ಎತ್ತಿ ತೋರಿಸಿದನು. ಕಥೆಯನ್ನು ಅರಿಯದವನಿಗೆ ಇದು ಬರಿಯ ಸಮಾಚಾರ. ಅರಿತವನಿಗೆ ಎದೆಯಲ್ಲಿ ನಾಟುವ ಮುಳ್ಳು. ತಿಳಿದ ಕಥೆಯನ್ನು ಹೇಳುವವನಿಗೆ ಕೇಳುಗನ ತಿಳಿವಳಿಕೆಯು ಅಡ್ಡಿಯೆಂದು ಎಣಿಸುವುದು ತಪ್ಪು; ಅದೇ ಆತನ ದೊಡ್ಡ ಬಂಡವಾಳ.

ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ವು 34 ಸಂಧಿಗಳ ವಾರ್ಧಕ ಷಟ್ಪದಿಯ ಕಾವ್ಯ, ಕನ್ನಡ ಮನೆತನಗಳಲ್ಲಿ ತಲೆತಲೆಮಾರಿನ ಪಠ್ಯ. ಅಲ್ಲಿಯೂ ಸೂಚನೆಯು ಅಂತ್ಯವನ್ನು ಬಚ್ಚಿಡುವುದಿಲ್ಲ. ಸುಧನ್ವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವರೆಂಬುದೂ, ಹರಿಸ್ಮರಣೆಯಿಂದ ಅವನು ಉಳಿಯುವನೆಂಬುದೂ ಕೇಳುಗನಿಗೆ ಗೊತ್ತು. ಗೊತ್ತಿದ್ದೂ ಅವನು ಕೊಪ್ಪರಿಗೆಯ ಬಳಿ ಉಸಿರು ಹಿಡಿದು ನಿಲ್ಲುವನು. ಚಂದ್ರಹಾಸನ ಕಥೆಯಂತೂ ಬರೆಹದ ಶಕ್ತಿಯನ್ನೇ ಕುರಿತದ್ದು. ತಂದು ಕೊಟ್ಟವನಿಗೆ ‘ವಿಷ’ವನ್ನು ಕೊಡೆಂದು ದುಷ್ಟಬುದ್ಧಿಯು ಮಗನಿಗೆ ಓಲೆ ಬರೆದನು; ತೋಟದಲ್ಲಿ ಮಲಗಿದ್ದ ಚೆಲುವನನ್ನು ಕಂಡ ಅವನ ಮಗಳು ಓಲೆಯನ್ನು ತಿದ್ದಿದಳು; ವಿಷವು ‘ವಿಷಯೆ’ಯಾಗಿ, ಸಾವಿನ ಓಲೆಯು ಮದುವೆಯ ಓಲೆಯಾಯಿತು. ಒಂದಕ್ಷರದಿಂದ ಬಾಳು ತಿರುಗಿತು. ಕಿರಿದಾಗಿ ಬರೆಯುವವರು ಮರೆಯಬಾರದ ಪಾಠವಿದು: ಬರೆಹವು ಸಣ್ಣದಾದಷ್ಟೂ ಅದರ ಪ್ರತಿಯೊಂದು ಅಕ್ಷರದ ಹೊಣೆಯು ದೊಡ್ಡದಾಗುತ್ತದೆ.

ತಾಳೆಗರಿಯಲ್ಲಿದ್ದ ಈ ಕಾವ್ಯಗಳು ಅಚ್ಚಿನ ಮನೆಗೆ ಬಂದ ಕಥೆಯಲ್ಲಿ ಕೊಡಗಿನ ಚರಿತ್ರೆಗೆ ಸಂಬಂಧಪಟ್ಟವರೊಬ್ಬರ ಹೆಸರು ಬರುತ್ತದೆ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು; 1848ರಿಂದ ಕ್ಯಾಸಮೇಜರ್ ಎಂಬವರ ಧನಸಹಾಯದಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಮುಂದೆ ಅವರು ಕೊಡಗಿನಲ್ಲಿ ನೆಲೆಸಿ, 1855ರಲ್ಲಿ ಇಲ್ಲಿನ ಚರಿತ್ರೆಯನ್ನೂ ಜನಜೀವನವನ್ನೂ ಕುರಿತು ‘ಕೂರ್ಗ್ ಮೆಮ್ವಾರ್ಸ್’ ಎಂಬ ಗ್ರಂಥವನ್ನು ಇಂಗ್ಲಿಷಿನಲ್ಲಿ ಬರೆದರು. ಅಚ್ಚು ಬಂದುದರಿಂದ ಕಾವ್ಯವು ಉಳಿಯಿತು. ಅದರೊಡನೆ ಓದುವ ಬಗೆಯೂ ಬದಲಾಯಿತು. ಪುಸ್ತಕವು ಒಬ್ಬೊಬ್ಬರ ಕೈಗೆ ಸೇರಿದಮೇಲೆ ಸಭೆಯನ್ನು ಕರೆಯುವ ಅವಶ್ಯಕತೆಯು ಕಡಮೆಯಾಯಿತು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ ಕುಮಾರವ್ಯಾಸನ ಜನಪ್ರಿಯ ಆವೃತ್ತಿಯು 1958ರಲ್ಲಿ ಹೊರಬಂದು ಮನೆಮನೆಗೂ ಭಾರತವನ್ನು ತಲಪಿಸಿತು. ಆದರೆ ಮೌನವಾಗಿ ಓದುವವನ ಕಣ್ಣು ‘ಸೂ’ ಎಂಬ ಗುರುತನ್ನು ಕಂಡೊಡನೆ ಮುಂದಿನ ಪದ್ಯಕ್ಕೆ ಜಾರುವುದು ಸಹಜ.

ಕೊಡಗಿನ ನೆಲದಲ್ಲಿ ಕಥೆಗೆ ಕರೆಯುವ ಬಗೆಗಳು ಬೇರೆಯೂ ಉಂಟು. ಕೊಡವರ ಹಾಡುಗಾರರು ದುಡಿ ಹಿಡಿದು ನಿಂತಾಗ ಕಥೆಯನ್ನು ಥಟ್ಟನೆ ಆರಂಭಿಸುವುದಿಲ್ಲ. ದೇವರಿಗೂ, ಸೂರ್ಯಚಂದ್ರರಿಗೂ, ನಾಡಿಗೂ ಬಾಳೆಂದು ಹರಸಿ, ಮೆಲ್ಲನೆ ಕಥೆಯ ಹಾದಿಗೆ ಇಳಿಯುತ್ತಾರೆ. ಇದು ದಂಡಿಯು ಹೇಳಿದ ಆಶೀರ್ವಾದದ ಮುಖವೇ; ದಂಡಿಯನ್ನು ಓದಿ ಬಂದುದಲ್ಲವಷ್ಟೆ. ಮನೆಗಳಲ್ಲಿ ಕಾವೇರಿಯ ಪುರಾಣಕ್ಕೆ ಮಕ್ಕಳನ್ನು ಕರೆಯುವ ಸೂಚನೆಯು ಇನ್ನೂ ಸೊಗಸು. ಕೊಡಗಿನ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಏಕೆ ಉಡುತ್ತಾರೆ? ಅಗಸ್ತ್ಯರ ಕಮಂಡಲುವಿನಿಂದ ಹರಿದ ಕಾವೇರಿಯನ್ನು ಬಲಮುರಿಯಲ್ಲಿ ತಡೆಯಹೋದಾಗ, ನೀರಿನ ಸೆಳೆತಕ್ಕೆ ನೆರಿಗೆಗಳು ಹಿಂದಕ್ಕೆ ಸರಿದುವೆಂಬುದು ಐತಿಹ್ಯ. ಒಂದು ಪುರಾಣವನ್ನೇ ಒಂದು ನೆರಿಗೆಯಲ್ಲಿ ಮಡಿಸಿಟ್ಟ ಸಂಗ್ರಹವಿದು. ತಾಯಿಯ ಸೀರೆಯನ್ನು ದಿನವೂ ನೋಡುವ ಮಗುವಿಗೆ ಇದಕ್ಕಿಂತ ಹತ್ತಿರದ ಬಾಗಿಲು ಇರಲಾರದು.

ಆ ಕಾವೇರಿಯನ್ನೇ ರಂಗಕ್ಕೆ ತಂದವರು ಅಪ್ಪನೆರವಂಡ ಹರಿದಾಸ ಅಪ್ಪಚ್ಚ ಕವಿಗಳು (1868–1944). 1906ರ ‘ಯಯಾತಿ’ಯಿಂದ 1918ರ ‘ಕಾವೇರಿ’ಯವರೆಗೆ, ನಡುವೆ ‘ಸಾವಿತ್ರಿ’, ‘ಸುಬ್ರಹ್ಮಣ್ಯ’ಗಳನ್ನೂ ಸೇರಿಸಿ ನಾಲ್ಕು ನಾಟಕಗಳನ್ನು ಅವರು ಕೊಡವ ತಕ್ಕಿನಲ್ಲಿ, ಕನ್ನಡ ಲಿಪಿಯಲ್ಲಿ ರಚಿಸಿದರು. ನಾಲ್ಕರ ವಸ್ತುವೂ ಪುರಾಣಪ್ರಸಿದ್ಧವಾದುದೇ. ಯಯಾತಿಯು ಮಗನ ಯೌವನವನ್ನು ಬೇಡಿ ಪಡೆದುದು, ಸಾವಿತ್ರಿಯು ಯಮನನ್ನು ಗೆದ್ದುದು, ಇವುಗಳಲ್ಲಿ ಪ್ರೇಕ್ಷಕನಿಗೆ ತಿಳಿಯದುದು ಏನೂ ಇರಲಿಲ್ಲ. ಆದರೆ ಯಯಾತಿಯು ಮನೆಯ ಮಾತಿನಲ್ಲಿ ಮಗನನ್ನು ಕರೆಯುವುದನ್ನೂ, ಸಾವಿತ್ರಿಯು ಒಲೆಯ ಮುಂದಿನ ನುಡಿಯಲ್ಲಿ ಯಮನೊಡನೆ ವಾದಿಸುವುದನ್ನೂ ಅದುವರೆಗೆ ಯಾರೂ ಕೇಳಿರಲಿಲ್ಲ. ಅಲ್ಲಿ ಕಥೆಯ ಹೆಸರೇ ಸೂಚನೆ, ಭಾಷೆಯೇ ಪ್ರರೋಚನೆ. ಧೃತರಾಷ್ಟ್ರನ ಪ್ರಲಾಪದಲ್ಲಿ ಕಿವಿಯು ಹೊಸದಾಗಿದ್ದಿತು. ಅಪ್ಪಚ್ಚ ಕವಿಗಳಲ್ಲಿ ನಾಲಗೆಯು ಹೊಸದಾಯಿತು.

ಇತ್ತ ಪೇಟೆಗಳಲ್ಲಿ ನಾಟಕದ ಕಂಪೆನಿಗಳು ಬೆಳೆದಂತೆ ಕರಪತ್ರಗಳು ಬಂದುವು. ಕರಪತ್ರದಲ್ಲಿ ಕಥಾಸಾರಾಂಶವು ಬಂದಿತು. 1934ರಲ್ಲಿ ‘ಸತಿ ಸುಲೋಚನಾ’ ಎಂಬ ಮೊದಲ ಕನ್ನಡ ವಾಕ್ಚಿತ್ರವು ತೆರೆ ಕಂಡಿತು. ಇಂದ್ರಜಿತುವಿನ ಹೆಂಡತಿಯಾದ ಸುಲೋಚನೆಯ ಕಥೆಯು ವಾಲ್ಮೀಕಿಯಲ್ಲಿಲ್ಲ. ಮುಂದಿನವರ ಅನುಕಂಪವು ಆಕೆಯನ್ನು ಸೃಷ್ಟಿಸಿತು. ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಪದ್ಯಾವಳಿಯ ಪುಸ್ತಕಗಳಲ್ಲಿ ಹೊಸ ಬಗೆಯ ಸಂಗ್ರಹವೊಂದು ಬಳಕೆಗೆ ಬಂದಿತು. ಕಥೆಯನ್ನು ಮುಕ್ಕಾಲು ಭಾಗ ಹೇಳಿ, ನಾಯಕಿಯನ್ನು ಸಂಕಟದ ತುದಿಯಲ್ಲಿ ನಿಲ್ಲಿಸಿ, ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರೆಂದು ಕೈಮುಗಿಯುವುದು ಅದರ ರೀತಿ. ಸಾಮಾಜಿಕ ಕಥೆಗಳಿಗೆ ಇದು ಒಪ್ಪಬಹುದು. ಪೌರಾಣಿಕ ಕಥೆಗೆ ಇದೇ ಉಪಾಯವನ್ನು ಹೂಡಿದಾಗ ಮಾತ್ರ ನಗೆ ಬರುವುದು. ಧ್ರುವನಿಗೆ ಪದವಿಯು ದೊರೆಯುವುದೋ ಇಲ್ಲವೋ ಎಂದು ಕಾತರಪಡುವ ಕನ್ನಡಿಗನು ಯಾರು? ಬಚ್ಚಿಡುವ ಸಂಗ್ರಹವು ಕೇಳುಗನ ಅಜ್ಞಾನವನ್ನು ನೆಚ್ಚುತ್ತದೆ. ಸೂಚನೆಯು ಕೇಳುಗನ ಜ್ಞಾನವನ್ನು ನೆಚ್ಚುತ್ತದೆ.

ಸೂಚನೆಗೆ ನಿಜವಾದ ಪೆಟ್ಟು ಬಿದ್ದುದು ಚಿತ್ರಮಂದಿರದಿಂದಲ್ಲ, ಪಾಠಶಾಲೆಯಿಂದ. ಪರೀಕ್ಷೆಯ ಪತ್ರಿಕೆಯು ಪದ್ಯದ ಸಾರಾಂಶವನ್ನು ಬರೆಯೆಂದು ಕೇಳತೊಡಗಿದಂದಿನಿಂದ ಸಾರಾಂಶವೇ ಒಂದು ಸರಕಾಯಿತು. ಪಠ್ಯಪುಸ್ತಕಕ್ಕೆ ಹತ್ತೋ ಇಪ್ಪತ್ತೋ ಪದ್ಯಗಳನ್ನು ಆರಿಸುವಾಗ ಸೂಚನೆಯು ಹೊರಗುಳಿಯಿತು, ಅದರ ಜಾಗದಲ್ಲಿ ಗದ್ಯದ ‘ಆಶಯ’ವು ಬಂದಿತು, ಅಂಗಡಿಯಲ್ಲಿ ಕೈಪಿಡಿಯು ದೊರೆಯಿತು. ಸೂಚನೆಯೂ ಸಾರಾಂಶವೂ ಉದ್ದದಲ್ಲಿ ಹೆಚ್ಚು ಕಡಮೆ ಒಂದೇ. ಗುಣದಲ್ಲಿ ಬೆಟ್ಟಕ್ಕೂ ಕಣಿವೆಗೂ ಇರುವ ಅಂತರ. ಸೂಚನೆಯನ್ನು ಕೇಳಿದವನಿಗೆ ಸಂಧಿಯನ್ನು ಕೇಳಬೇಕೆನ್ನಿಸುತ್ತದೆ. ಸಾರಾಂಶವನ್ನು ಓದಿದವನಿಗೆ ಪದ್ಯವನ್ನು ಓದುವ ಅಗತ್ಯವೇ ತೋರುವುದಿಲ್ಲ. ಒಂದು ಬಾಗಿಲನ್ನು ತೆರೆಯುತ್ತದೆ; ಇನ್ನೊಂದು ಬಾಗಿಲಲ್ಲೇ ಊಟ ಹಾಕಿ ಕಳುಹಿಸುತ್ತದೆ. ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ದಂತಹ (1950) ಗದ್ಯಗ್ರಂಥವನ್ನು ಈ ಸಾರಾಂಶಗಳ ಸಾಲಿನಲ್ಲಿ ಇಡಬಾರದು, ಅದು ಸ್ವತಃ ಒಂದು ಮನೆ, ಬೇರೊಂದು ಮನೆಯ ಬೀಗವಲ್ಲ.

ಆದರೂ ಸೂಚನೆಯ ಚೈತನ್ಯವು ಪೂರ್ತಿಯಾಗಿ ಆರಿಹೋಗಲಿಲ್ಲ. 1949ರಲ್ಲಿ ಪ್ರಕಟವಾದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಸಂಚಿಕೆಗಳಿಗೆ ಶೀರ್ಷಿಕೆಗಳುಂಟು. ಅವುಗಳಲ್ಲೊಂದು ‘ಮಮತೆಯ ಸುಳಿ ಮಂಥರೆ’. ಮೂರೇ ಶಬ್ದಗಳು. ಮಂಥರೆಯೆಂದೊಡನೆ ಲೋಕವು ಗೂನು ಬೆನ್ನನ್ನೂ ಕೆಟ್ಟ ನಾಲಗೆಯನ್ನೂ ನೆನೆಯುವುದು. ಕವಿಯು ಅವಳ ಹೆಸರಿನ ಹಿಂದೆ ಮಮತೆಯನ್ನಿಟ್ಟನು. ಮಮತೆಯೊಡನೆ, ಹೊಕ್ಕವರನ್ನು ಮುಳುಗಿಸುವ ಸುಳಿಯನ್ನೂ ಇಟ್ಟನು. ಕೈಕೆಯು ವರವನ್ನು ಬೇಡುವಳು, ರಾಮನು ಕಾಡಿಗೆ ಹೋಗುವನು, ಇದಾವುದೂ ಬದಲಾಗದು. ಆದರೆ ಈ ಶೀರ್ಷಿಕೆಯನ್ನು ಕಂಡವನು ಮಂಥರೆಯನ್ನು ಹೊಸದಾಗಿ ನೋಡದೆ ಪುಟವನ್ನು ಮಗುಚಲಾರನು. ಐವತ್ತೊಂದು ಮಾತ್ರೆಗಳ ಕೆಲಸವನ್ನು ಮೂರು ಶಬ್ದಗಳು ಮಾಡಿವೆ.

ಇಷ್ಟು ಇತಿಹಾಸದಿಂದ, ಹಳೆಯ ಕಥೆಯನ್ನು ಹೊಸದಾಗಿ ಬರೆದು ಅದಕ್ಕೊಂದು ಸೂಚನೆಯನ್ನು ಬಯಸುವವರಿಗೆ ಕೆಲವು ನಿಯಮಗಳು ತಾವಾಗಿಯೇ ದೊರೆಯುತ್ತವೆ. ಮೊದಲನೆಯದು, ಅದು ಒಂದು ಉಸಿರಿಗೆ ಮೀರಬಾರದು. ಎರಡನೆಯದು, ಕಥೆಯನ್ನು ಹೊಗಳಬಾರದು. ಅಪೂರ್ವ, ಮನೋಜ್ಞ, ಹೃದಯಸ್ಪರ್ಶಿ ಎಂಬ ವಿಶೇಷಣಗಳು ಕೇಳುಗನ ಪಾಲಿನ ಕೆಲಸವನ್ನು ತಾವೇ ಮಾಡಿ ಕೆಡಿಸುತ್ತವೆ. ಮೂರನೆಯದು, ಎಲ್ಲರೂ ಬಲ್ಲ ಅಂತ್ಯವನ್ನು ಗುಟ್ಟೆಂದು ನಟಿಸಬಾರದು. ಅದರ ಬದಲು ಈ ಕವಿಯು ಮಾತ್ರ ಕಂಡ ಒಂದು ಕೆಲಸ, ಒಂದು ವಸ್ತು, ಒಬ್ಬ ವ್ಯಕ್ತಿಯನ್ನು ಮುಂದಿಡಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಸೂಚನೆಯು ವಾಗ್ದಾನ. ಮುಡಿಯ ಮಾತನ್ನೆತ್ತಿದ ಕವಿಯು ಮುಂದೆ ಸೈರಂಧ್ರಿಯ ನೋವನ್ನು ಹೇಳಲೇಬೇಕು. ಸಂಧಿಯಲ್ಲಿ ಇಲ್ಲದುದನ್ನು ಸೂಚನೆಯಲ್ಲಿ ತೋರಿಸಿ ಜನರನ್ನು ಕುಳ್ಳಿರಿಸಿದವನು ಒಂದು ರಾತ್ರಿಯ ಸಭೆಯನ್ನು ಗಳಿಸಬಹುದು, ಎರಡನೆಯ ರಾತ್ರಿಯದನ್ನಲ್ಲ.

ಈ ವಿಚಾರವು ಕೊಡಗಿಗೆ ಬರಿಯ ಅಲಂಕಾರಶಾಸ್ತ್ರದ ಮಾತಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದಾಗ, ಪದ್ಧತಿಗಳ ವಿವರಣೆಯನ್ನು ಕನ್ನಡದಲ್ಲಿ ಬರೆದು, ಹಾಡುಗಳನ್ನು ಕೊಡವ ತಕ್ಕಿನಲ್ಲಿಯೇ ಇಟ್ಟರು. ಗ್ರಂಥದ ಹೆಚ್ಚಿನ ಭಾಗವನ್ನು ಹಾಡುಗಳೇ ತುಂಬಿವೆ. ವಿವರಣೆಯು ಹಾಡಿನ ಬಳಿಗೆ ಕರೆದುಕೊಂಡು ಹೋಗುತ್ತದೆ. ಹಾಡಿನ ಸ್ಥಾನವನ್ನು ಆಕ್ರಮಿಸುವುದಿಲ್ಲ. 2003ರಲ್ಲಿ ಆ ಗ್ರಂಥದ ಇಂಗ್ಲಿಷ್ ಅನುವಾದವನ್ನು ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಹೊರತಂದರು. ಈಗ ಕೊಡವ ತಕ್ಕನ್ನು ಯುನೆಸ್ಕೊ ಸಂಸ್ಥೆಯು ಅಳಿವಿನ ಅಪಾಯದಲ್ಲಿರುವ ನುಡಿಗಳ ಪಟ್ಟಿಯಲ್ಲಿ ಸೇರಿಸಿದೆ. ದೂರದ ಊರುಗಳಲ್ಲಿ ಬೆಳೆದ ಮಕ್ಕಳು ಪುತ್ತರಿಗೆ ಮನೆಗೆ ಬಂದು ಮಂದಿನಲ್ಲಿ ನಿಂತಾಗ, ಹಾಡಿನ ಅರ್ಥವೇನೆಂದು ಕೇಳುವುದು ಸಹಜ. ಹಿರಿಯರು ನಾಲ್ಕು ಮಾತಿನಲ್ಲಿ ಹೇಳುವುದೂ ಸಹಜ. ಆ ನಾಲ್ಕು ಮಾತು ಸಾರಾಂಶವಾದರೆ ಮಗುವು ಅರ್ಥವಾಯಿತೆಂದು ತಲೆಯಾಡಿಸಿ ಹೊರಟುಹೋಗುವುದು. ಹಾಡು ಅಲ್ಲಿಗೆ ನಿಲ್ಲುವುದು. ಅದು ಸೂಚನೆಯಾದರೆ ಮಗುವು ದುಡಿಯ ಹತ್ತಿರಕ್ಕೆ ಇನ್ನೊಂದು ಹೆಜ್ಜೆ ಸರಿಯುವುದು.

ಐನ್‌ಮನೆಗೆ ಬಂದ ನೆಂಟನು ಮೊದಲು ಕೈಯಾಲೆಯ ಐಮರದ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾನೆ. ಕೈಯಾಲೆಯ ಕಂಬಗಳ ಕೆತ್ತನೆಯನ್ನು ನೋಡಿದವನಿಗೆ ಒಳಗಿನ ಮನೆ ಎಂಥದೆಂಬುದು ಅಂದಾಜಾಗುತ್ತದೆ. ಆದರೆ ದೀಪವಿರುವುದು ಒಳಗೆ. ಕೈಯಾಲೆಯಿಲ್ಲದ ಮನೆಗೆ ಹೊಸಬನು ನುಗ್ಗಲು ಹಿಂಜರಿಯುವನು. ಕೈಯಾಲೆ ಮಾತ್ರವಿದ್ದು ಮನೆಯೇ ಇಲ್ಲದಿದ್ದರೆ ಅದು ದಾರಿಯ ಬದಿಯ ತಂಗುದಾಣವಾಗುವುದು. ಕನ್ನಡದ ಹಳೆಯ ಕವಿಗಳು ಈ ಪ್ರಮಾಣವನ್ನು ಅರಿತವರಾಗಿದ್ದರು. ಗಮಕದ ಸಭೆಗಳಲ್ಲಿ ಸೂಚನೆಯನ್ನು ಬಿಡದೆ ಹಾಡಿಸುವುದೂ, ಪಠ್ಯಕ್ಕೆ ಆರಿಸಿದ ಪದ್ಯಗಳ ತಲೆಯ ಮೇಲೆ ಕವಿಯೇ ಬರೆದ ಸೂಚನೆಯನ್ನು ಉಳಿಸುವುದೂ, ಮನೆಯ ಹಾಡಿಗೆ ಮನೆಯವರೇ ಒಂದೊಂದು ಸೂಚನೆಯನ್ನು ಕಟ್ಟಿ ಮಕ್ಕಳಿಗೆ ಹೇಳುವುದೂ ಹೆಚ್ಚಿನ ವೆಚ್ಚದ ಕೆಲಸಗಳಲ್ಲ. ಹಾಡಬಲ್ಲವರು ಇನ್ನೂ ಇರುವಾಗಲೇ ಅವುಗಳನ್ನು ಮಾಡುವುದು ಯುಕ್ತ.